ಕಲ್ಲಿನ ಒಕ್ಕಲುಮನೆ

ಇಂಗ್ಲೆಂಡಿನ ವಾಯವ್ಯ ಭಾಗದ ಸರೋವರ ಪ್ರಾಂತವೆಂದೊಡನೆ ನಮ್ಮ ಓದುಗರಿಗೆ ವರ್ಡ್ಸ್‌ವರ್ತ್ ನೆನಪಾಗುತ್ತಾನೆ. ಆ ಪ್ರಾಂತವನ್ನು ಕುರಿತು ಆತ ಒಂದು ಗದ್ಯಗ್ರಂಥವನ್ನೂ ರಚಿಸಿದ. ಮೊದಲು 1810ರಲ್ಲಿ ಬೇರೊಬ್ಬರ ಚಿತ್ರಸಂಪುಟಕ್ಕೆ ಪೀಠಿಕೆಯಾಗಿ ಅಚ್ಚಾದ ಅದಕ್ಕೆ ನಮ್ಮ ತರಗತಿಗಳಲ್ಲಿ ಅವನ ಪದ್ಯಗಳಿಗೆ ಸಂದ ಮನ್ನಣೆ ಸಲ್ಲಲಿಲ್ಲ. ಇದು ನಷ್ಟವೆಂದೇ ನನ್ನೆಣಿಕೆ. ಅಲ್ಲಿಯ ರೈತರ ಮನೆಗಳು ಬಂಡೆಯಿಂದಲೇ ಬೆಳೆದು ಬಂದಂತಿವೆ ಎಂಬುದು ಅವನ ಭಾವ. ಇದರಲ್ಲಿ ಕವಿಕಲ್ಪನೆಯೆಷ್ಟು, ಕಲ್ಲುಕೆಲಸದ ಸತ್ಯವೆಷ್ಟು?

ಟ್ರೌಟ್‌ಬೆಕ್ ಗ್ರಾಮದ ಟೌನೆಂಡ್ ಎಂಬ ಮನೆಯನ್ನು ನೋಡಬಹುದು. ಹದಿನೇಳನೆಯ ಶತಮಾನದ ಈ ಮನೆಯಲ್ಲಿ ಬ್ರೌನ್ ಎಂಬ ಒಕ್ಕಲು ಮನೆತನ 1943ರವರೆಗೂ ಬಾಳಿತು. ಸುಣ್ಣ ಬಳಿದ ಗೋಡೆ, ಸ್ಲೇಟುಕಲ್ಲಿನ ಮಾಡು, ದುಂಡನೆಯ ಹೊಗೆಗೂಡು. ಒಡಕು ಕಲ್ಲಿನಿಂದ ಚೌಕದ ಮೂಲೆ ತೆಗೆಯುವುದು ಕಷ್ಟ, ದುಂಡಗೆ ಕಟ್ಟುವುದು ಸುಲಭ. ಅಲ್ಲಿ ಅಲಂಕಾರವಾಗಿ ತೋರುವುದು ಹಲವೆಡೆ ಅನುಕೂಲವೇ ಆಗಿದೆ.

ಆ ಪ್ರಾಂತದ ಹಳೆಯ ಗೋಡೆ ನಿಜವಾಗಿ ಎರಡು ಗೋಡೆ. ಒಳಮುಖ, ಹೊರಮುಖಗಳ ನಡುವೆ ಚೂರುಗಲ್ಲು ತುಂಬಿ, ಅಲ್ಲಲ್ಲಿ ಉದ್ದನೆಯ ಕಲ್ಲನ್ನು ಅಡ್ಡಲಾಗಿ ಹಾಯಿಸಿ ಎರಡನ್ನೂ ಬಂಧಿಸುತ್ತಾರೆ. ದಪ್ಪ ಎರಡು ಅಡಿಗೂ ಮಿಗಿಲು. ಕಲ್ಲುಗಳನ್ನು ಹೊರಕ್ಕೆ ತುಸು ಇಳಿಜಾರಾಗಿ ಕೂರಿಸುವುದೂ ಉಂಟು. ಮಳೆನೀರು ಒಳಕ್ಕೆ ನುಸುಳದೆ ಹೊರಕ್ಕೇ ಜಾರಬೇಕಷ್ಟೆ. ಮಾಡಿನ ಮೇಲೆ ದೊಡ್ಡ ಸ್ಲೇಟುಗಳು ಸೂರಿನ ಬಳಿ, ಚಿಕ್ಕವು ನೆತ್ತಿಯ ಬಳಿ. ಗಣಿಯಲ್ಲಿ ಸಿಕ್ಕ ಚಿಕ್ಕ ತುಂಡೂ ವ್ಯರ್ಥವಾಗುವಂತಿಲ್ಲ.

ಇಂಥ ಮನೆಗಳ ಪಕ್ಕಕ್ಕೆ ಅಂಟಿಕೊಂಡೇ ಚಿಕ್ಕ ಮನೆಗಳು ನಿಂತಿರುವುದನ್ನು ಆ ಪ್ರಾಂತದಲ್ಲಿ ಕಾಣುತ್ತೇವೆ. ಆಳುಗಳಿಗಾಗಿ, ಇಲ್ಲವೆ ಒಕ್ಕಲುತನವನ್ನು ಮಗನಿಗೊಪ್ಪಿಸಿದ ವೃದ್ಧರಿಗಾಗಿ ಅವು ಬೇಕಾಗುತ್ತಿದ್ದವು. ಕಲ್ಲು ಅದೇ, ಮಾಡಿನ ಇಳಿಜಾರೂ ಅದೇ. ಆದರೆ ಉದ್ದನೆಯ ಗೋಡೆಯ ನಡುವೆ ಮೂಲೆಗಲ್ಲುಗಳ ನೇರ ಸಾಲೊಂದು ಕಂಡರೆ, ಮೊದಲ ಮನೆ ಅಲ್ಲಿಗೆ ಮುಗಿದಿತ್ತೆಂದು ತಿಳಿಯಬೇಕು. ಶಾಸನವಿಲ್ಲದ ಮನೆಗೆ ಆ ಸಂದೇ ಶಾಸನ. ಕುಟುಂಬ ಬೆಳೆದ ವೃತ್ತಾಂತ ಅಲ್ಲಿದೆ.

ಈ ಸಂದನ್ನು ಸಿಮೆಂಟು ಮೆತ್ತಿ ಮುಚ್ಚುವವರಿದ್ದಾರೆ. ಸುಣ್ಣದ ಗಾರೆ ತೇವವನ್ನು ಹೀರಿ ಹೊರಕ್ಕೆ ಬಿಡುತ್ತದೆ. ಸಿಮೆಂಟು ಅದನ್ನು ಒಳಗೇ ಬಂಧಿಸುತ್ತದೆ. ಗಟ್ಟಿಯಾಗಲೆಂದು ಬಳಿದ ಲೇಪವೇ ಗೋಡೆಯನ್ನು ಕೆಡಿಸುವ ವಿಪರ್ಯಾಸವಿದು. 2017ರಲ್ಲಿ ಯುನೆಸ್ಕೊ ಈ ಪ್ರಾಂತವನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಸಂತೋಷವೇ. ಆದರೆ ಅನೇಕ ಚಿಕ್ಕ ಮನೆಗಳು ಇಂದು ರಜಾಕಾಲದ ಅತಿಥಿಗಳ ಬಾಡಿಗೆಯ ಬಿಡಾರಗಳಾಗಿವೆ. ಊರಿನ ತರುಣ ಒಕ್ಕಲಿಗೆ ಅವುಗಳ ಬೆಲೆ ಎಟುಕುವುದಿಲ್ಲ. ಚಳಿಗಾಲದಲ್ಲಿ ಒಲೆಯುರಿಯದ ಮನೆಯ ಆ ದಪ್ಪ ಗೋಡೆ ಮಳೆ ನಿಂತ ಮೇಲೂ ಬಹುದಿನ ಒಣಗುವುದಿಲ್ಲ.