ಚಂದ್ರಿಯ ಸೆರೆವಾಸ



ಎರಡು ತಾರೀಖುಗಳನ್ನು ಅಕ್ಕಪಕ್ಕದಲ್ಲಿಟ್ಟು ಈ ಮಾತನ್ನು ಆರಂಭಿಸುತ್ತೇನೆ. 1976ರ ಏಪ್ರಿಲ್ 28ರಂದು ನಮ್ಮ ದೇಶದ ಸರ್ವೋಚ್ಚ ನ್ಯಾಯಾಲಯವು, ತುರ್ತುಪರಿಸ್ಥಿತಿ ಇರುವಷ್ಟು ಕಾಲ ಬಂಧಿತನಾದವನು ತನ್ನ ಬಂಧನ ನ್ಯಾಯವೇ ಅನ್ಯಾಯವೇ ಎಂದು ಕೇಳಲು ಹೈಕೋರ್ಟಿನ ಬಾಗಿಲು ತಟ್ಟುವಂತಿಲ್ಲ ಎಂದು ತೀರ್ಪಿತ್ತಿತು. ಅದಾದ ನಾಲ್ಕನೆಯ ದಿನ, ಮೇ 2ರಂದು, ಬೆಂಗಳೂರಿನ ಪೊಲೀಸರು ಸ್ನೇಹಲತಾ ರೆಡ್ಡಿಯವರನ್ನು ಬಂಧಿಸಿದರು.

ಸಾಹಿತ್ಯಾಸಕ್ತರಿಗೆ ಈ ಹೆಸರು ಬೇರೊಂದು ರೀತಿಯಲ್ಲಿ ಪರಿಚಿತ. 1970ರಲ್ಲಿ ಪಟ್ಟಾಭಿರಾಮ ರೆಡ್ಡಿಯವರು ಅನಂತಮೂರ್ತಿಯವರ ‘ಸಂಸ್ಕಾರ’ವನ್ನು ತೆರೆಗೆ ತಂದಾಗ ಚಂದ್ರಿಯಾಗಿ ನಟಿಸಿದವರು ಅವರೇ. ಆ ಕಾದಂಬರಿಯನ್ನು ನಾನು ಹಲವು ವರ್ಷ ತರಗತಿಯಲ್ಲಿ ಪಾಠ ಹೇಳಿದವನು. ಪ್ರಾಣೇಶಾಚಾರ್ಯರ ಧರ್ಮಸಂಕಟಕ್ಕೆ ವಾರಗಟ್ಟಲೆ ಕಳೆಯುತ್ತಿದ್ದೆ; ಚಂದ್ರಿಗೆ ಅರ್ಧ ಪಿರಿಯಡ್ಡು ಸಾಕಾಗುತ್ತಿತ್ತು. ಒಮ್ಮೆ ಜಯನಗರದಲ್ಲಿ ವಿದ್ಯಾರ್ಥಿಗಳಿಗೆ ಆ ಚಿತ್ರವನ್ನು ತೋರಿಸಿದ ಸಂಜೆ, ಹುಡುಗಿಯೊಬ್ಬಳು ಎದ್ದು ನಿಂತು, “ಚಂದ್ರಿಯ ಪಾತ್ರ ಮಾಡಿದವರು ಆಮೇಲೆ ಏನಾದರು, ಸಾರ್?” ಎಂದು ಕೇಳಿದಳು. “ಬೇಗ ತೀರಿಕೊಂಡರಮ್ಮ” ಎಂದು ಹೇಳಿ ನಾನು ಛಾಯಾಗ್ರಹಣದ ವಿಷಯಕ್ಕೆ ಹೊರಟುಹೋದೆ. ಸುಳ್ಳು ಹೇಳಿದ ಹಾಗಾಗಲಿಲ್ಲ ನಿಜ. ಆದರೆ ಆ ಉತ್ತರ ಇಂದಿಗೂ ನನ್ನನ್ನು ಚುಚ್ಚುತ್ತಿದೆ. ಅಂದು ಹೇಳಬೇಕಾಗಿದ್ದುದನ್ನು ಇಂದು ಹೇಳುತ್ತಿದ್ದೇನೆ.

ಸ್ನೇಹಲತಾ ಅವರು ಹುಟ್ಟಿದ್ದು 1932ರಲ್ಲಿ. ಮದರಾಸಿನ ರಂಗಭೂಮಿಯಲ್ಲಿ ಹೆಸರು ಮಾಡಿದವರು; ಅಲ್ಲಿಯ ಮದ್ರಾಸ್ ಪ್ಲೇಯರ್ಸ್ ತಂಡವನ್ನು ಕಟ್ಟಿದವರಲ್ಲಿ ಒಬ್ಬರು. ಪತಿ ಪಟ್ಟಾಭಿಯವರಂತೆ ಲೋಹಿಯಾ ಅವರ ಸಮಾಜವಾದವನ್ನು ನಂಬಿದವರು, ಜಾರ್ಜ್ ಫರ್ನಾಂಡಿಸರ ಸ್ನೇಹಿತೆ. 1975ರ ಜೂನ್‌ನಲ್ಲಿ ತುರ್ತುಪರಿಸ್ಥಿತಿ ಘೋಷಣೆಯಾದ ಮೇಲೆ ಜಾರ್ಜ್ ಭೂಗತರಾದರು. ಅವರ ಸುಳಿವು ಹಿಡಿಯಲು ಪೊಲೀಸರು ಮಾಡದ ಪ್ರಯತ್ನವಿಲ್ಲ. ಅವರ ತಮ್ಮ ಲಾರೆನ್ಸರನ್ನು 1976ರ ಮೇ 1ರಂದು ಇದೇ ಬೆಂಗಳೂರಿನಲ್ಲಿ ಹಿಡಿದು ಚಿತ್ರಹಿಂಸೆಗೆ ಗುರಿಮಾಡಿದರು. ಮರುದಿನ ಸ್ನೇಹಲತಾ ಅವರ ಸರದಿ. ಬರೋಡಾ ಡೈನಮೈಟ್ ಸಂಚಿನಲ್ಲಿ ಪಾಲಿದೆಯೆಂಬುದು ಅವರ ಮೇಲಿದ್ದ ಸಂಶಯ. ಆದರೆ ಜಾರ್ಜ್ ಮತ್ತು ಇತರ 24 ಮಂದಿಯ ಮೇಲೆ ಆರೋಪಪಟ್ಟಿ ಸಿದ್ಧವಾದಾಗ ಅದರಲ್ಲಿ ಅವರ ಹೆಸರೇ ಇರಲಿಲ್ಲ. ಹಾಗಿದ್ದರೂ ಬಿಡುಗಡೆಯಾಗಲಿಲ್ಲ.

ಇದು ಹೇಗೆ ಸಾಧ್ಯವಾಯಿತು? ಸಂವಿಧಾನದ 22ನೆಯ ಅನುಚ್ಛೇದದಂತೆ, ಬಂಧಿಸಿದವನಿಗೆ ಕಾರಣವನ್ನು ತಿಳಿಸಬೇಕು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಆದರೆ ಅದೇ ಅನುಚ್ಛೇದವು ಮುನ್ನೆಚ್ಚರಿಕೆಯ ಸ್ಥಾನಬದ್ಧತೆಯನ್ನು ಈ ನಿಯಮದಿಂದ ಹೊರಗಿಟ್ಟಿದೆ. ಮಾಡಿದ ತಪ್ಪಿಗಲ್ಲ, ಮಾಡಬಹುದಾದ ತಪ್ಪಿಗೆ ಸೆರೆ! 1971ರ ಮೀಸಾ ಕಾಯಿದೆ ಇಂಥದು. ತುರ್ತುಪರಿಸ್ಥಿತಿಯಲ್ಲಿ ಅದನ್ನು ತಿದ್ದಿ, ಬಂಧನದ ಕಾರಣವನ್ನು ಬಂಧಿತನಿಗೂ ಹೇಳಬೇಕಾಗಿಲ್ಲವೆಂದು ಮಾಡಿದರು. ಉಳಿದಿದ್ದ ಒಂದೇ ಕಿಂಡಿಯೆಂದರೆ ಹೇಬಿಯಸ್ ಕಾರ್ಪಸ್ ಅರ್ಜಿ. ನಮ್ಮ ಕರ್ನಾಟಕದ್ದೂ ಸೇರಿದಂತೆ ಹಲವು ಹೈಕೋರ್ಟುಗಳು ಅಂಥ ಅರ್ಜಿಗಳನ್ನು ವಿಚಾರಿಸಬಹುದೆಂದಿದ್ದವು. ಏಪ್ರಿಲ್ 28ರ ತೀರ್ಪು ಆ ಕಿಂಡಿಯನ್ನೂ ಮುಚ್ಚಿತು. ವಿಚಾರಣೆಯಲ್ಲಿ ನ್ಯಾಯಮೂರ್ತಿ ಎಚ್. ಆರ್. ಖನ್ನಾ ಅವರು, ಪೊಲೀಸನೊಬ್ಬ ಹಗೆಯಿಂದ ಒಬ್ಬನನ್ನು ಕೊಂದರೂ ಪರಿಹಾರವಿಲ್ಲವೇ ಎಂದು ಕೇಳಿದಾಗ, ತುರ್ತುಪರಿಸ್ಥಿತಿ ಮುಗಿಯುವವರೆಗೆ ಇಲ್ಲವೆಂಬ ಅರ್ಥದ ಉತ್ತರವನ್ನು ಸರ್ಕಾರದ ಅಟಾರ್ನಿ ಜನರಲ್ಲರು ಕೊಟ್ಟರು. ಐವರಲ್ಲಿ ಖನ್ನಾ ಒಬ್ಬರೇ ಭಿನ್ನವಾಗಿ ಬರೆದರು.

ನನಗೆ ಇಲ್ಲಿ ದೂರ್ವಾಸಪುರದ ಅಗ್ರಹಾರ ನೆನಪಾಗುತ್ತದೆ. ನಾರಣಪ್ಪನ ಹೆಣ ಕೊಳೆಯುತ್ತಿದೆ. ಪಂಡಿತರು ಓಲೆಗರಿಗಳನ್ನು ತಿರುವಿಹಾಕುತ್ತಿದ್ದಾರೆ. ಕಡೆಗೆ ಯಾವ ಶಾಸ್ತ್ರವನ್ನೂ ಓದದ ಚಂದ್ರಿ, ರಾತ್ರಿಯ ವೇಳೆ ಮುಸಲ್ಮಾನ ವ್ಯಾಪಾರಿಯ ನೆರವು ಪಡೆದು ಹೆಣವನ್ನು ಸುಟ್ಟು ಹೊರಟುಹೋಗುತ್ತಾಳೆ. ಹೇಬಿಯಸ್ ಕಾರ್ಪಸ್ ಎಂಬ ಮಾತಿನಲ್ಲಿಯೂ ಇರುವುದು ದೇಹವೇ. ಬಂಧಿತನ ದೇಹವನ್ನು ನ್ಯಾಯಾಧೀಶನ ಮುಂದೆ ತಾ ಎಂಬುದು ಅದರ ತಾತ್ಪರ್ಯ. ದೇಹ ಎದುರಿಗೆ ಬಂದರೆ ಶಾಸ್ತ್ರಚರ್ಚೆ ಅಷ್ಟು ಸುಲಭವಲ್ಲ; ಬಹುಶಃ ಅದಕ್ಕೇ ಬರಗೊಡಲಿಲ್ಲ.

ಆ ತೀರ್ಪು ತಪ್ಪೆಂದು ಸರ್ವೋಚ್ಚ ನ್ಯಾಯಾಲಯವೇ 2017ರ ಆಗಸ್ಟ್ 24ರಂದು ಒಪ್ಪಿಕೊಂಡಿತು. ಆ ಮೊಕದ್ದಮೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. ಇದಕ್ಕೂ ಮೊದಲೇ, 1978ರ 44ನೆಯ ತಿದ್ದುಪಡಿಯಿಂದ, ಜೀವದ ಹಕ್ಕನ್ನು ತುರ್ತುಪರಿಸ್ಥಿತಿಯಲ್ಲಿಯೂ ಅಮಾನತಿನಲ್ಲಿಡಲಾಗದೆಂದು ಗೊತ್ತಾಯಿತು. 2019ರ ಡಿಸೆಂಬರ್ 19ರಂದು ಪುರಭವನದ ಬಳಿ ಇತಿಹಾಸಕಾರ ರಾಮಚಂದ್ರ ಗುಹಾ ಅವರನ್ನು ಪೊಲೀಸರು ಕರೆದೊಯ್ದದ್ದು ನಿಮಗೆ ನೆನಪಿರಬಹುದು. ಆ ದಿನದ ನಿಷೇಧಾಜ್ಞೆ ಕಾನೂನುಬಾಹಿರವೆಂದು ಕರ್ನಾಟಕ ಹೈಕೋರ್ಟು ಎರಡೇ ತಿಂಗಳಲ್ಲಿ ಹೇಳಿತು. ಬಾಗಿಲು ತೆರೆದಿದ್ದುದರಿಂದ ಕೇಳಲು ಸಾಧ್ಯವಾಯಿತು. ಸ್ನೇಹಲತಾ ಅವರಿಗೆ ಆ ಬಾಗಿಲು ಇರಲಿಲ್ಲ.

ಬನಶಂಕರಿ, ಜಯನಗರಗಳಿಂದ ಮೆಜೆಸ್ಟಿಕ್ಕಿಗೆ ಹೋಗಿ ಬರುವವರು ಶೇಷಾದ್ರಿ ರಸ್ತೆಯ ಫ್ರೀಡಂ ಪಾರ್ಕನ್ನು ಬಲ್ಲಿರಿ. ಸೆರೆಮನೆ ಪರಪ್ಪನ ಅಗ್ರಹಾರಕ್ಕೆ ಸ್ಥಳಾಂತರವಾಗುವವರೆಗೆ ಅದೇ ಬೆಂಗಳೂರಿನ ಕೇಂದ್ರ ಕಾರಾಗೃಹ. ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಮೊದಲಾದವರನ್ನು ಇರಿಸಿದ್ದುದು ಅಲ್ಲಿಯೇ. ಅವರಿಗೆ ರಾಜಕೀಯ ಕೈದಿಗಳ ಸಂಗಡವಾದರೂ ಇತ್ತು. ಸ್ನೇಹಲತಾ ಅವರದು ಚಿಕ್ಕದೊಂದು ಒಂಟಿ ಕೋಣೆ. ಒಂದು ತುದಿಗೆ ಕಬ್ಬಿಣದ ಸರಳು, ಇನ್ನೊಂದು ತುದಿಗೆ ಶೌಚಕ್ಕೆ ಒಂದು ಗುಂಡಿ, ಮಲಗಲು ನೆಲ. ಮೊದಲೇ ಉಬ್ಬಸದ ರೋಗಿ. ರಾತ್ರಿಯ ನಿಶ್ಶಬ್ದದಲ್ಲಿ ಅವರ ಚೀರಾಟ ತಮಗೆ ಕೇಳಿಸುತ್ತಿತ್ತೆಂದು ದಂಡವತೆಯವರು ಮುಂದೆ ನೆನೆದಿದ್ದಾರೆ.

ಇಷ್ಟರ ನಡುವೆಯೂ ಆಕೆ ಮಾಡಿದ್ದೇನು ಗೊತ್ತೆ? ಹೆಣ್ಣು ಕೈದಿಗಳನ್ನು ಹೊಡೆಯುವುದನ್ನು ಎದುರಿಸಿ ನಿಂತರು, ಊಟ ಸುಧಾರಿಸಬೇಕೆಂದು ಹಟಹಿಡಿದರು, ಆ ಹೆಂಗಸರಿಗೆ ಹಾಡು, ಆಟ, ನಾಟಕಗಳನ್ನು ಕಲಿಸಿದರು. ಸೆರೆಯಲ್ಲಿ ಬರೆದಿಟ್ಟ ಅವರ ಟಿಪ್ಪಣಿಗಳು 1977ರಲ್ಲಿ ಪುಸ್ತಕವಾಗಿ ಬಂದವು. ಅದೇ ವರ್ಷ ಪಟ್ಟಾಭಿಯವರು ಲಂಕೇಶರ ನಾಟಕವನ್ನಾಧರಿಸಿ ‘ಚಂಡಮಾರುತ’ವನ್ನು ತೆಗೆದು ಪತ್ನಿಗೆ ಅರ್ಪಿಸಿದರು.

ಎಂಟು ತಿಂಗಳ ಮೇಲೆ, ದೇಹ ತೀರ ಕುಸಿದಾಗ, 1977ರ ಜನವರಿ 15ರಂದು ಅವರನ್ನು ಮನೆಗೆ ಕಳಿಸಿದರು. 18ರಂದು ಪ್ರಧಾನಿಯವರು ಚುನಾವಣೆ ಘೋಷಿಸಿದರು. 20ರಂದು ಸ್ನೇಹಲತಾ ತೀರಿಕೊಂಡರು. ಅವರನ್ನು ಹೊರಗೆ ಬಿಟ್ಟದ್ದು ಪೆರೋಲಿನ ಮೇಲೆ. ಎಂದರೆ, ಕೊನೆಯುಸಿರೆಳೆದಾಗಲೂ ಕಾನೂನಿನ ಲೆಕ್ಕದಲ್ಲಿ ಅವರು ಕೈದಿಯೇ ಆಗಿದ್ದರು.