ಶಿಲಾಶಾಸನಗಳೂ ನಮ್ಮ ಕರ್ತವ್ಯವೂ
(ಊರಿನ ಇತಿಹಾಸ ಮಂಡಲದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



ಇತಿಹಾಸ ಮಂಡಲವೆಂದರೆ ಹಳೆಯ ಕಲ್ಲುಗಳನ್ನು ಹುಡುಕುತ್ತ ಅಲೆಯುವ ನಾಲ್ಕು ಜನ ನಿರುದ್ಯೋಗಿಗಳ ಕೂಟವೆಂದು ಭಾವಿಸಿದವರು ನಮ್ಮಲ್ಲಿ ಕಡಿಮೆಯಿಲ್ಲ. ಹೊಟ್ಟೆಗೆ ಹಿಟ್ಟಿಲ್ಲದವನಿಗೆ ಜುಟ್ಟಿಗೆ ಮಲ್ಲಿಗೆ ಏತಕ್ಕೆಂದು ಅವರು ಕೇಳುತ್ತಾರೆ. ಈ ಪ್ರಶ್ನೆಗೆ ಉತ್ತರ ಕೊಡದೆ ಮುಂದಿನ ವರ್ಷದ ಕಾರ್ಯಕ್ರಮವನ್ನು ತಮ್ಮ ಮುಂದಿಡುವುದು ನಮಗೆ ಉಚಿತವೆನಿಸುವುದಿಲ್ಲ.

1914ರಲ್ಲಿ ಆಲೂರು ವೆಂಕಟರಾಯರು ಧಾರವಾಡದಲ್ಲಿ ಕರ್ನಾಟಕ ಇತಿಹಾಸ ಸಂಶೋಧನ ಮಂಡಲವನ್ನು ಸ್ಥಾಪಿಸಿದಾಗ ಕನ್ನಡ ನಾಡಿನ ಸ್ಥಿತಿಯೇನಿತ್ತು? ಬಾದಾಮಿಯೂ ಬನವಾಸಿಯೂ ಮುಂಬಯಿ ಇಲಾಖೆಯಲ್ಲಿದ್ದುವು. ಮಳಖೇಡವೂ ಕಲ್ಯಾಣವೂ ನಿಜಾಮರ ಸೀಮೆಯಲ್ಲಿದ್ದುವು. ಹಂಪೆ ಮದ್ರಾಸಿಗೆ ಸೇರಿತ್ತು. ತಲಕಾಡು, ಹಳೇಬೀಡುಗಳು ಮೈಸೂರಿನಲ್ಲಿದ್ದುವು. ಒಂದೇ ಚರಿತ್ರೆಯ ರಾಜಧಾನಿಗಳು ನಾಲ್ಕು ಸರಕಾರಗಳ ನಡುವೆ ಹಂಚಿಹೋಗಿದ್ದುವು. ಬಾದಾಮಿಯ ಹುಡುಗನು ತಲಕಾಡನ್ನು ಪರರಾಜ್ಯವೆಂದೂ, ಬಳ್ಳಾರಿಯವನು ಕಲಬುರ್ಗಿಯನ್ನು ಪರದೇಶವೆಂದೂ ತಿಳಿಯುವ ಕಾಲವದು. ಇಂಥ ಹೊತ್ತಿನಲ್ಲಿ ವೆಂಕಟರಾಯರು ಈ ಊರುಗಳನ್ನೆಲ್ಲ ಒಂದೇ ಸರದಲ್ಲಿ ಪೋಣಿಸಿ 1917ರಲ್ಲಿ ‘ಕರ್ನಾಟಕ ಗತವೈಭವ’ವನ್ನು ಪ್ರಕಟಿಸಿದರು. ಅವರೂ ವಕೀಲಿ ಓದಿದವರೇ. ಆದರೆ ಕಕ್ಷಿಗಾರರ ವ್ಯಾಜ್ಯಗಳಿಗಿಂತ ನಾಡಿನ ವ್ಯಾಜ್ಯವೇ ದೊಡ್ಡದೆಂದು ಬಗೆದರು.

ಆಮೇಲೆ ನಡೆದುದು ತಮಗೆಲ್ಲ ತಿಳಿದದ್ದೇ. 1924ರಲ್ಲಿ ಬೆಳಗಾವಿಯ ಕಾಂಗ್ರೆಸ್ ಅಧಿವೇಶನದ ವೇಳೆಯಲ್ಲಿಯೇ ಸಿದ್ದಪ್ಪ ಕಂಬಳಿಯವರ ಅಧ್ಯಕ್ಷತೆಯಲ್ಲಿ ಏಕೀಕರಣ ಪರಿಷತ್ತು ಕೂಡಿತು. 1936ರಲ್ಲಿ ವಿಜಯನಗರ ಸಾಮ್ರಾಜ್ಯದ ಆರನೂರನೆಯ ವರ್ಷದ ಉತ್ಸವ ಜರುಗಿತು. 1956ರ ನವೆಂಬರ 1ರಂದು ನಾಡು ಒಂದಾಯಿತು. 1973ರಲ್ಲಿ ಅದಕ್ಕೆ ಕರ್ನಾಟಕವೆಂಬ ತನ್ನ ಹೆಸರೇ ಮರಳಿ ಬಂದಿತು. ಇತಿಹಾಸ ಸಂಶೋಧನೆಯೊಂದೇ ಇದನ್ನೆಲ್ಲ ಮಾಡಿತೆಂದು ನಾವು ಹೇಳುವುದಿಲ್ಲ. ಸೆರೆಮನೆ ಕಂಡವರು, ಲಾಠಿಯೇಟು ತಿಂದವರು, ಉಪವಾಸ ಕುಳಿತವರು ಸಾವಿರಾರು ಮಂದಿ. ಆದರೆ ನಾವೆಲ್ಲ ಒಂದೇ ಮನೆಯವರೆಂಬ ನಂಬಿಕೆ ಅವರ ಎದೆಯಲ್ಲಿ ಹುಟ್ಟಿದುದೆಲ್ಲಿಂದ? ಆ ಕಲ್ಲುಗಳಿಂದ, ಆ ಹಳೆಯ ಓಲೆಗಳಿಂದ. ಜುಟ್ಟಿಗೆ ಮಲ್ಲಿಗೆಯೆಂದು ನಕ್ಕವರಿಗೆ ಇದೇ ನಮ್ಮ ಉತ್ತರ.

ಆದರೆ ಮಹಾಶಯರೇ, ನೆಲ ಒಂದಾದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಆಸ್ತಿ ಕೈಗೆ ಬಂದ ಮೇಲೆ ಅದರ ಕಾಗದಪತ್ರಗಳನ್ನು ಇಲಿ ತಿನ್ನಲು ಬಿಡುವ ಯಜಮಾನನನ್ನು ಏನೆನ್ನಬೇಕು? ಶಾಸನವೆಂಬುದು ಕೇವಲ ರಾಜರ ಹೊಗಳಿಕೆಯಲ್ಲ. ನ್ಯಾಯಾಲಯದಲ್ಲಿ ದಸ್ತಾವೇಜುಗಳನ್ನು ಓದುವ ಅಭ್ಯಾಸವುಳ್ಳ ನಮಗೆ ಅದು ಚೆನ್ನಾಗಿ ಕಾಣಿಸುತ್ತದೆ. ಆಳುವ ಅರಸನ ಹೆಸರು, ಶಕವರ್ಷ, ಸಂವತ್ಸರ, ತಿಥಿ, ವಾರ, ಕೊಟ್ಟವನಾರು, ಪಡೆದವನಾರು, ಎಷ್ಟು ಮತ್ತರು ಭೂಮಿ, ಎಷ್ಟು ಗದ್ಯಾಣ ಹೊನ್ನು, ಮೂಡಲಿಗೆ ಯಾವ ಹಳ್ಳ, ಪಡುವಲಿಗೆ ಯಾವ ಕೆರೆ, ಕೊನೆಗೆ ಅಳುಪಿದವನಿಗೆ ವಾರಣಾಸಿಯಲ್ಲಿ ಕವಿಲೆಗಳನ್ನು ಕೊಂದ ಪಾಪವೆಂಬ ಶಾಪ. ಇದಕ್ಕಿಂತ ಪಕ್ಕಾ ಪತ್ರ ಇನ್ನಾವುದುಂಟು? ಕೆರೆ ಕಟ್ಟಿಸಿದ ಒಕ್ಕಲಿಗನೂ, ದನಗಳನ್ನು ಬಿಡಿಸಲು ಹೋಗಿ ಮಡಿದ ವೀರನೂ, ಸಂತೆಯ ಸುಂಕವನ್ನು ದೇವರಿಗೆ ಬಿಟ್ಟ ಸೆಟ್ಟಿಯೂ ಉಳಿದಿರುವುದು ಇಲ್ಲಿ ಮಾತ್ರ. ಯಾವ ಕಾವ್ಯದಲ್ಲಿಯೂ ಅವರ ಹೆಸರಿಲ್ಲ.

ಈ ಪತ್ರಗಳ ಗತಿಯೇನಾಗಿದೆ ನೋಡಿರಿ. ಒಂದು ಕಲ್ಲು ಬಟ್ಟೆ ಒಗೆಯುವ ಬಂಡೆಯಾಗುತ್ತದೆ; ಇನ್ನೊಂದು ರಸ್ತೆಯ ಮೋರಿಯ ಮೇಲೆ ಹಾಸುಗಲ್ಲಾಗುತ್ತದೆ. ವೀರಗಲ್ಲಿನ ಕೆಳಗೆ ನಿಧಿಯಿದೆಯೆಂದು ಅಮಾವಾಸ್ಯೆಯ ರಾತ್ರಿ ಅಗೆದು ಕೆಡಹುವವರಿದ್ದಾರೆ. ಭಕ್ತಿಯಿಂದ ಕೆಡಿಸುವವರು ಇನ್ನೂ ಹೆಚ್ಚು: ಜೀರ್ಣೋದ್ಧಾರವೆಂದು ಗುಡಿಯ ಗೋಡೆಗೆ ಸುಣ್ಣ, ಬಣ್ಣ, ಸಿಮೆಂಟು ಬಳಿದು ಎಂಟುನೂರು ವರ್ಷದ ಅಕ್ಷರಗಳನ್ನು ಒಂದೇ ದಿನದಲ್ಲಿ ಮುಚ್ಚಿಬಿಡುತ್ತಾರೆ. ಗ್ರಂಥ ಹರಿದರೆ ಮತ್ತೊಂದು ಪ್ರತಿ ಸಿಕ್ಕೀತು. ಶಾಸನಕ್ಕೆ ಎರಡನೆಯ ಪ್ರತಿ ಸಿಕ್ಕುವುದು ಅಪರೂಪ.

ದೊರೆತುದರ ಬೆಲೆಯನ್ನು ನೆನೆದರೆ ಕಳೆದುದರ ನಷ್ಟ ತಿಳಿದೀತು. ರಾಯಚೂರು ಸೀಮೆಯ ಮಸ್ಕಿಯಲ್ಲಿ 1915ರಲ್ಲಿ ಚಿನ್ನದ ಗಣಿಯ ಇಂಜಿನಿಯರರೊಬ್ಬರ ಕಣ್ಣಿಗೆ ಒಂದು ಬಂಡೆಯ ಬರಹ ಬಿದ್ದಿತು. ದೇವಾನಾಂಪ್ರಿಯನೆಂದು ಬಂಡೆಗಳಲ್ಲಿ ಕರೆಯಿಸಿಕೊಂಡವನು ಅಶೋಕನೇ ಎಂಬುದನ್ನು ಅವನ ಹೆಸರಿನೊಡನೆ ಸಾರಿದ ಮೊದಲ ಶಾಸನವದು. ಬೇಲೂರು ತಾಲೂಕಿನ ಹಲ್ಮಿಡಿಯಲ್ಲಿ 1936ರಲ್ಲಿ ಡಾ. ಎಂ. ಎಚ್. ಕೃಷ್ಣರು ಗುರುತಿಸಿದ ಕಲ್ಲು ಕನ್ನಡ ಬರಹದ ಪ್ರಾಚೀನತೆಯನ್ನು ಐದನೆಯ ಶತಮಾನಕ್ಕೆ ಒಯ್ದಿತು. ಹಳ್ಳಿಯ ಕಲ್ಲೊಂದು ಒಂದು ನುಡಿಯ ಆಯುಷ್ಯವನ್ನು ನಿರ್ಣಯಿಸಿತು. ಅದನ್ನು ಯಾರಾದರೂ ಮೊದಲೇ ಒಡೆದು ತಳಪಾಯಕ್ಕೆ ಹಾಕಿದ್ದರೆ?

ಸರಕಾರ ನೋಡಿಕೊಳ್ಳಲಿ ಎಂದು ಕೆಲವರು ಅನ್ನುವರು. ಕಾಯಿದೆಗಳಿವೆ, ಆದರೆ ಹೊಲದ ಬದುವಿನಲ್ಲಿ ಕಾವಲುಗಾರನಿಲ್ಲ. 1976ರಲ್ಲಿ ನಮ್ಮ ಸಂವಿಧಾನಕ್ಕೆ ಸೇರಿದ ಮೂಲಭೂತ ಕರ್ತವ್ಯಗಳಲ್ಲಿ ಪರಂಪರೆಯನ್ನು ಗೌರವಿಸಿ ಕಾಪಾಡುವುದೂ ಒಂದು. ಅದನ್ನು ಹೊರಿಸಿರುವುದು ಪ್ರತಿಯೊಬ್ಬ ನಾಗರಿಕನ ಮೇಲೆ.

ಇನ್ನೊಂದು ಮಾತನ್ನು ನಿಷ್ಠುರವಾಗಿಯೇ ಹೇಳಬೇಕಾಗಿದೆ. ಅಭಿಮಾನಕ್ಕಾಗಿ ಸುಳ್ಳು ಹೇಳಬಾರದು. ನಮ್ಮೂರ ಗುಡಿಯನ್ನು ಜನಮೇಜಯನೇ ಕಟ್ಟಿಸಿದನೆಂದು ಬರೆದುಬಿಡುವುದು ಸುಲಭ. ತಾಮ್ರಪಟಗಳಲ್ಲಿ ಖೊಟ್ಟಿ ಪಟಗಳೂ ಇವೆ. ಗಂಗರ ಹೆಸರಿನ ಹಲವು ಪಟಗಳನ್ನು ಫ್ಲೀಟರು ಕೃತ್ರಿಮವೆಂದು ತಳ್ಳಿಹಾಕಿದರು. ಖೊಟ್ಟಿ ದಸ್ತಾವೇಜೊಂದನ್ನು ಹಾಜರುಪಡಿಸಿದ ಕಕ್ಷಿಯ ಖರೇ ದಸ್ತಾವೇಜನ್ನೂ ನ್ಯಾಯಾಧೀಶನು ಸಂಶಯದಿಂದಲೇ ನೋಡುತ್ತಾನೆ. ರಾಷ್ಟ್ರಕೂಟ ಮೂರನೆಯ ಕೃಷ್ಣನ ಕನ್ನಡ ಶಾಸನವು ದೂರದ ಮಧ್ಯಪ್ರದೇಶದ ಜೂರಾದಲ್ಲಿರುವಾಗ ಕನ್ನಡಕ್ಕೆ ಸುಳ್ಳಿನ ಆಸರೆ ಬೇಕಿಲ್ಲ. ಅಂತೆಯೇ ಕನ್ನಡ ಶಾಸನವಿದ್ದಲ್ಲೆಲ್ಲ ನೆರೆಯವರೊಡನೆ ಜಗಳ ತೆಗೆಯುವುದೂ ನಮ್ಮ ಉದ್ದೇಶವಲ್ಲ.

ಈ ವರ್ಷ ಮಂಡಲವು ಮೂರು ಕೆಲಸಗಳನ್ನು ಕೈಕೊಳ್ಳಬೇಕೆಂದು ನಮ್ಮ ಸೂಚನೆ. ಮೊದಲನೆಯದು, ತಾಲೂಕಿನ ಪ್ರತಿಯೊಂದು ಹಳ್ಳಿಯ ಶಾಸನ, ವೀರಗಲ್ಲು, ಮಾಸ್ತಿಕಲ್ಲುಗಳ ಪಟ್ಟಿ: ಎಲ್ಲಿದೆ, ಎಷ್ಟು ಎತ್ತರ, ಎಷ್ಟು ಸಾಲು, ಯಾರ ಹೊಲ. ರೈಸರು ಹನ್ನೆರಡು ಸಂಪುಟಗಳಲ್ಲಿ ಹಳೆಯ ಮೈಸೂರು ಸೀಮೆಯ ಮತ್ತು ಕೊಡಗಿನ ಶಾಸನಗಳನ್ನು ಅಚ್ಚು ಹಾಕಿಸಿದ್ದಾರೆ. ಬೇರೆ ಸೀಮೆಗಳವೂ ಅಚ್ಚಾಗಿವೆ. ಅಚ್ಚಾದ ಕಲ್ಲು ಈಗಲೂ ಇದೆಯೇ ಎಂದು ನೋಡುವುದೂ ಸಂಶೋಧನೆಯೇ. ಎರಡನೆಯದು, ಪ್ರತಿ ತೆಗೆಯುವುದು. ಕಲ್ಲನ್ನು ನೀರಿನಿಂದ ಮೆಲ್ಲಗೆ ತೊಳೆದು, ಒದ್ದೆ ಕಾಗದ ಹೊದಿಸಿ, ಕುಂಚದಿಂದ ತಟ್ಟಿ, ಮಸಿ ಒತ್ತಿದರೆ ಅಕ್ಷರಗಳು ಬೆಳ್ಳಗೆ ಎದ್ದುಕಾಣುತ್ತವೆ. ಬಲ್ಲವರಿಂದ ಕಲಿತೇ ಇದನ್ನು ಮಾಡಬೇಕು; ಎಣ್ಣೆ, ಬಣ್ಣ, ಉಳಿಗಳನ್ನು ಮುಟ್ಟಲೇಬಾರದು. 1909ರಲ್ಲಿ ಹುಟ್ಟಿದ ಬೆಂಗಳೂರಿನ ಮಿಥಿಕ್ ಸೊಸೈಟಿಯವರು 2021ರಿಂದ ಯಂತ್ರದಿಂದ ಕಲ್ಲುಗಳ ಮೂರು ಆಯಾಮದ ಪ್ರತಿ ತೆಗೆಯುತ್ತಿದ್ದಾರೆ. ನಮ್ಮಲ್ಲಿ ಆ ಸಾಧನವಿಲ್ಲದಿದ್ದರೂ ಇಳಿಬಿಸಿಲಿನಲ್ಲಿ ಓರೆಯಾಗಿ ತೆಗೆದ ಒಂದು ಛಾಯಾಚಿತ್ರವಾದರೂ ಸಾಧ್ಯ. ಮೂರನೆಯದು ಉಪಾಧ್ಯಾಯರ ಕೆಲಸ: ಮಕ್ಕಳನ್ನು ಊರ ಕಲ್ಲಿನ ಬಳಿಗೆ ಕರೆದೊಯ್ದು ಅದರ ಕಥೆಯನ್ನು ಹೇಳುವುದು. ಕಥೆ ತಿಳಿದ ಹುಡುಗ ಆ ಕಲ್ಲಿನ ಮೇಲೆ ಬಟ್ಟೆ ಒಗೆಯಲು ಬಿಡಲಾರ.

ಹಣವಿಲ್ಲವೆನ್ನಬೇಡಿರಿ. ತಿಂಗಳಿಗೊಂದು ಭಾನುವಾರ ಸಾಕು. ಶಾಸನ ಕೆತ್ತಿಸಿದವರು ಸೂರ್ಯಚಂದ್ರರಿರುವವರೆಗೆ ಇದು ನಡೆಯಲೆಂದು ಬರೆಯಿಸಿದರು. ಸೂರ್ಯಚಂದ್ರರು ತಮ್ಮ ಪಾಲನ್ನು ನಡೆಸುತ್ತಲೇ ಇದ್ದಾರೆ. ಉಳಿದ ಪಾಲು ನಮ್ಮದು.