ಮಧ್ಯ ದ್ರಾವಿಡ ಭಾಷೆಗಳ ಒಳನಂಟು

ಕೊಲಾಮಿ, ನಾಯ್ಕಿ, ಪರ್ಜಿ, ಗದಬ ಇವು ಮಧ್ಯ ದ್ರಾವಿಡ ಗುಂಪಿನ ಭಾಷೆಗಳು. ಕೊಲಾಮಿ ಮಹಾರಾಷ್ಟ್ರದ ಯವತ್ಮಾಳ ಮತ್ತು ತೆಲಂಗಾಣದ ಆದಿಲಾಬಾದ್ ಸೀಮೆಯದು. ಮಾತನಾಡುವವರು ಒಂದು ಲಕ್ಷಕ್ಕೂ ಹೆಚ್ಚು. ನಾಯ್ಕಿ ಚಂದ್ರಪುರದ ಕಡೆ ಉಳಿದಿದೆ. ಪರ್ಜಿ ಬಸ್ತರಿನ ಧುರ್ವರ ನುಡಿ. ಗದಬ ಒಡಿಶಾದ ಕೋರಾಪುಟ್ ಮತ್ತು ಆಂಧ್ರದ ಉತ್ತರ ಜಿಲ್ಲೆಗಳಲ್ಲಿದೆ. ಯಾವುದಕ್ಕೂ ಹಳೆಯ ಶಾಸನವಿಲ್ಲ, ಕಾವ್ಯಪರಂಪರೆಯ ಬರಹವಿಲ್ಲ. ಇವುಗಳ ಚರಿತ್ರೆಯನ್ನು ಇಂದಿನ ಬಾಯಿಮಾತಿನಿಂದಲೇ ಹೆಕ್ಕಿ ತೆಗೆಯಬೇಕು.

ಹೆಸರನ್ನು ನಂಬಿ ಹೊರಟರೆ ದಾರಿ ತಪ್ಪುತ್ತದೆ. ಗದಬ ಎನಿಸಿಕೊಂಡ ಸಮುದಾಯದಲ್ಲೇ ಕೆಲವರ ಮಾತು ದ್ರಾವಿಡ, ಇನ್ನು ಕೆಲವರಾಡುವ ಗುತೋಬ್ ಮುಂಡಾ ಕುಲದ್ದು. ಗ್ರಿಯರ್ಸನ್ನರ ಭಾಷಾ ಸಮೀಕ್ಷೆ ಪರ್ಜಿಯನ್ನು ಗೊಂಡಿಯ ಉಪಭಾಷೆಯೆಂದು ಎಣಿಸಿತ್ತು. ಅದು ಸ್ವತಂತ್ರ ಭಾಷೆಯೆಂಬುದು ಖಚಿತವಾದದ್ದು 1953ರಲ್ಲಿ ಬರೋ ಮತ್ತು ಭಟ್ಟಾಚಾರ್ಯ ಅದರ ವ್ಯಾಕರಣ, ಪದಕೋಶಗಳನ್ನು ಕೊಟ್ಟ ಮೇಲೆ. ಎಮೆನೋ ಅವರ ಕೊಲಾಮಿ ಅಧ್ಯಯನ 1955ರದು. ಈ ಎರಡು ಗ್ರಂಥಗಳಿಲ್ಲದಿದ್ದರೆ ಮುಂದಿನ ಚರ್ಚೆಗೆ ನೆಲೆಯೇ ಇರುತ್ತಿರಲಿಲ್ಲ.

ವರ್ಗೀಕರಣದ ತಿರುಳು ಇಷ್ಟು: ಎರಡು ಭಾಷೆಗಳು ಹಳೆಯದನ್ನು ಉಳಿಸಿಕೊಂಡಿವೆ ಎಂದ ಮಾತ್ರಕ್ಕೆ ಅವು ಹತ್ತಿರದ ನೆಂಟರಲ್ಲ, ಹೊಸತೊಂದು ಮಾರ್ಪಾಡನ್ನು ಕೂಡಿ ಮಾಡಿಕೊಂಡಿರಬೇಕು. ಹಾಲಿಗೆ ಹಳಗನ್ನಡದಲ್ಲೂ ಕೊಲಾಮಿಯಲ್ಲೂ ‘ಪಾಲ್’ ಎಂದೇ ಹೆಸರು. ಮೂಲ ದ್ರಾವಿಡದ ಪಕಾರ ಎರಡರಲ್ಲೂ ಉಳಿದಿದೆ, ಅಷ್ಟೇ. ಪರ್ಜಿಯಲ್ಲಿ ಅದು ‘ಪೇಲ್’. ಈ ಸ್ವರ ಬದಲಾವಣೆ ಪರ್ಜಿಯ ಸ್ವಂತದ್ದು. ಲಿಂಗ ವ್ಯವಸ್ಥೆಯೂ ಹೀಗೆಯೇ ಮೋಸಗೊಳಿಸಬಲ್ಲದು. ಈ ಭಾಷೆಗಳಲ್ಲಿ ಗಂಡಸರದು ಒಂದು ವರ್ಗ, ಹೆಂಗಸರೂ ಪ್ರಾಣಿಗಳೂ ವಸ್ತುಗಳೂ ಸೇರಿ ಇನ್ನೊಂದು. ಭದ್ರಿರಾಜು ಕೃಷ್ಣಮೂರ್ತಿಯವರ ಪ್ರಕಾರ ಮೂಲ ವ್ಯವಸ್ಥೆಯೇ ಅದು, ಕನ್ನಡದ ‘ಅವಳು’ ಆಮೇಲೆ ಬಂದದ್ದು. ಹಾಗಾಗಿ ಎದ್ದು ಕಾಣುವ ಈ ಲಕ್ಷಣ ಗುಂಪನ್ನು ಸಾಧಿಸಲಾರದು.

ಸಾಧಿಸುವ ಸಾಕ್ಷ್ಯ ಸಂಖ್ಯಾವಾಚಕಗಳಲ್ಲಿದೆ. ಕನ್ನಡಕ್ಕೆ ಗಂಡಸರಾದರೂ ಹೆಂಗಸರಾದರೂ ‘ಇಬ್ಬರು’. ಪರ್ಜಿಯಲ್ಲಿ ಇಬ್ಬರು ಗಂಡಸರು ‘ಇರುಲ್’, ಇಬ್ಬರು ಹೆಂಗಸರು ‘ಇರಲ್’. ಹೆಂಗಸರನ್ನು ಎಣಿಸುವುದಕ್ಕೇ ಮೀಸಲಾದ, ‘ಅಲ್’ ಎಂದು ಮುಗಿಯುವ ಇಂಥ ರೂಪಗಳು ಕೊಲಾಮಿ, ಗದಬಗಳಲ್ಲೂ ಇವೆ. ಇಷ್ಟು ವಿಶಿಷ್ಟವಾದ ರಚನೆ ಬೇರೆ ಬೇರೆ ಕಡೆ ತಾನಾಗಿ ಹುಟ್ಟುವುದು ಅಸಂಭವವೆನ್ನಬೇಕು.

ಹಿಂದೆ ತೆಲುಗನ್ನೂ ಈ ಗುಂಪಿನಲ್ಲೇ ಇಡುತ್ತಿದ್ದರು. ಕೊಲಾಮಿಯಲ್ಲಿ ತೆಲುಗು, ಮರಾಠಿ ಎರವಲು ಪದಗಳು ಹೇರಳವಾಗಿರುವುದರಿಂದ ಬರಿಯ ಪದಸಾಮ್ಯ ಆ ನಂಬಿಕೆಗೆ ಪುಷ್ಟಿ ಕೊಡುವಂತಿತ್ತು. ಕೃಷ್ಣಮೂರ್ತಿ 1961ರಲ್ಲಿ ತೆಲುಗು ಧಾತುಗಳನ್ನು ಪರಿಶೀಲಿಸಿ ಅದನ್ನು ಗೊಂಡಿ, ಕುಯಿಗಳ ಜೊತೆಗೆ ಸೇರಿಸಿದರು. ಕನ್ನಡದ ‘ಎರಡು’ ತೆಲುಗಿನಲ್ಲಿ ‘ರೆಂಡು’: ಒಳಗಿದ್ದ ರಕಾರ ಪದದ ಮೊದಲಿಗೆ ಬಂದಿದೆ. ಗೊಂಡಿಯಲ್ಲೂ ಹೀಗೆಯೇ ಆಗಿದೆ. ಪರ್ಜಿಯ ‘ಇರ್ಡು’ ಸ್ವರವನ್ನು ಮೊದಲಲ್ಲೇ ಇಟ್ಟುಕೊಂಡಿದೆ.

ಗುಂಪಿನೊಳಗೆ ಕೊಲಾಮಿ ಮತ್ತು ನಾಯ್ಕಿ ಒಂದು ಕವಲು, ಪರ್ಜಿ ಮತ್ತು ಗದಬ ಇನ್ನೊಂದು. ಇಲ್ಲಿಯೂ ಹೆಸರಿನ ತೊಡಕು ಬಿಡದು. ಆದಿಲಾಬಾದಿನ ನಾಯ್ಕ್ರಿ ಕೊಲಾಮಿಯ ಉಪಭಾಷೆ ಎನ್ನುವಷ್ಟು ಅದಕ್ಕೆ ಹತ್ತಿರ. ಚಂದ್ರಪುರದ ನಾಯ್ಕಿಯನ್ನು ಬೇರೆ ಭಾಷೆಯಾಗಿಯೇ ಎಣಿಸುತ್ತಾರೆ.